ಆ್ಯಪ್ ತಯಾರಿಸಲು ಯಾವ ಕಂಪ್ಯೂಟರ್ ಕೊಳ್ಳಲಿ? 45,000 ರೂಪಾಯಿಯೊಳಗೆ ವಿಂಡೋಸ್, ಲಿನಕ್ಸ್, ಮ್ಯಾಕ್ ಇವುಗಳಲ್ಲಿ ಯಾವುದು?

ಮಧುವಾಹಿನಿ, ಬದಿಯಡ್ಕ:

ಎಲ್ಲರಿಗೂ ನಮಸ್ಕಾರ. ನಾನು ಬಿಸಿಎ ಕೊನೆಯ ವರ್ಷದಲ್ಲಿದ್ದೇನೆ. ನನ್ನ ತಂದೆಯವರಿಗೆ ಪೇಟೆಯ ಹತ್ತಿರ ಅಡಿಕೆ ಖರೀದಿಯ ಸಣ್ಣದೊಂದು ಅಂಗಡಿಯಿದೆ. ಯಾರು ಎಷ್ಟು ಕಿಲೋ ತಂದರು, ಅದರಲ್ಲಿ ಹೊಸ ಅಡಿಕೆ ಎಷ್ಟು, ಹಳತು ಎಷ್ಟು, ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂಬ ದರ್ಜೆಯ ಅಡಿಕೆಗಳು ಎಷ್ಟೆಷ್ಟು, ಮುಂಗಡ ಕೊಟ್ಟದ್ದೆಷ್ಟು, ಬಾಕಿ ಎಷ್ಟು ಎಂಬ ಲೆಕ್ಕವೆಲ್ಲ ಇಂದಿಗೂ ರಟ್ಟಿನ ಹೊದಿಕೆಯ ಪುಸ್ತಕದಲ್ಲಿಯೇ ಇದೆ. ಇದನ್ನು ಕನ್ನಡ ಮತ್ತು ಮಲಯಾಳ ಎರಡರಲ್ಲಿಯೂ ತೋರಿಸುವ ಮೊಬೈಲ್ ಆ್ಯಪ್ ಒಂದನ್ನು ನಾನೇ ತಯಾರಿಸಬೇಕೆಂಬುದು ನನ್ನ ಬಹುದಿನದ ಆಸೆ. ಅದು ತಂದೆಯವರ ಕೈಗೆ ಒಗ್ಗಿದರೆ ಸುತ್ತಲಿನ ಬೇರೆ ಅಂಗಡಿಗಳಿಗೂ ಕೊಡಬಹುದು, ಮುಂದೆ ಇದನ್ನೇ ಉದ್ಯೋಗವಾಗಿ ಹಿಡಿಯಲೂಬಹುದು ಎಂದು ಯೋಚಿಸುತ್ತಿದ್ದೇನೆ.

ಈಗ ನನ್ನಲ್ಲಿರುವುದು ದೊಡ್ಡಮ್ಮನ ಮಗ ಬಿಟ್ಟುಕೊಟ್ಟ ಹಳೆಯ ಲ್ಯಾಪ್‌ಟಾಪ್. ಐದನೆಯ ತಲೆಮಾರಿನ ಐ3 ಪ್ರೊಸೆಸರ್, 4 ಜಿಬಿ ರ್ಯಾಮ್, ತಿರುಗುವ ಹಾರ್ಡ್ ಡಿಸ್ಕ್. ಆ್ಯಪ್ ತಯಾರಿಸುವ ತಂತ್ರಾಂಶವಾದ ಆಂಡ್ರಾಯ್ಡ್ ಸ್ಟುಡಿಯೋ ತೆರೆದುಕೊಳ್ಳುವಷ್ಟರಲ್ಲಿ ನಾನು ಅಡುಗೆಮನೆಗೆ ಹೋಗಿ ಚಹಾ ಮಾಡಿಕೊಂಡು ಬರಬಹುದು. ಕಂಪ್ಯೂಟರಿನೊಳಗೇ ಒಂದು ಫೋನನ್ನು ಓಡಿಸಿ ತೋರಿಸುವ ಎಮ್ಯುಲೇಟರ್ ಒಮ್ಮೆಯೂ ಪೂರ್ತಿ ತೆರೆದದ್ದಿಲ್ಲ. ಮನೆಯವರೆಲ್ಲ ಸೇರಿ 45,000 ರೂಪಾಯಿ ಒದಗಿಸುವುದಾಗಿ ಹೇಳಿದ್ದಾರೆ. ಕೊಳೆರೋಗದಿಂದ ಫಸಲು ಕಡಿಮೆಯಾದ ವರ್ಷವಾದ್ದರಿಂದ ಅದಕ್ಕಿಂತ ಹೆಚ್ಚು ಕೇಳಲು ನನಗೆ ಮನಸ್ಸಿಲ್ಲ.

ಮಂಗಳೂರಿನ ಒಂದು ಅಂಗಡಿಯಲ್ಲಿ ವಿಚಾರಿಸಿದಾಗ, ಆ್ಯಪ್ ತಯಾರಿಸುವವರಿಗೆ ಮ್ಯಾಕ್ ಇಲ್ಲದೆ ಆಗುವುದೇ ಇಲ್ಲವೆಂದೂ ಕಂತಿನಲ್ಲಿ ಕೊಳ್ಳಬಹುದೆಂದೂ ಹೇಳಿದರು. ಇನ್ನೊಂದು ಕಡೆ 16 ಜಿಬಿ ರ್ಯಾಮ್ ಇರುವ ಹೊಸ ವಿಂಡೋಸ್ ಲ್ಯಾಪ್‌ಟಾಪಿಗೆ 52,000 ರೂಪಾಯಿ ಎಂದರು. ಅದೇ ಅಂಗಡಿಯಲ್ಲಿ ಕಂಪೆನಿಗಳು ಬಳಸಿ ಬಿಟ್ಟ ಥಿಂಕ್‌ಪ್ಯಾಡ್ ಟಿ480 ಲ್ಯಾಪ್‌ಟಾಪ್ ಒಂದು 24,000 ರೂಪಾಯಿಗೆ ಇತ್ತು. ಯಾವುದು ಸರಿ? ಲಿನಕ್ಸಿನಲ್ಲಿ ಈ ಕೆಲಸ ಪೂರ್ಣವಾಗಿ ನಡೆಯುತ್ತದೆಯೇ? ಐಫೋನಿನ ಆ್ಯಪ್ ಕೂಡ ಈಗಲೇ ಮಾಡಬೇಕೇ? ಕಂಪ್ಯೂಟರಿನ ಬೆಲೆಯ ಹೊರತಾಗಿ ಬರುವ ಖರ್ಚುಗಳು ಯಾವುವು? ಅನುಭವವಿರುವವರು ದಯವಿಟ್ಟು ತಿಳಿಸಬೇಕು.


ಪಯಸ್ವಿನಿ ತೀರ, ಮುಳ್ಳೇರಿಯ:

ತಂಗಿ, ನಾನು ಮನೆಯಲ್ಲಿ ಕುಳಿತೇ ಆ್ಯಪ್ ಕೆಲಸ ಮಾಡುವವನು. ಇದಕ್ಕೆ ಇಳಿದು ಒಂಬತ್ತು ವರ್ಷಗಳಾದವು. ಕಂಪ್ಯೂಟರ್ ನೋಡುವ ಮೊದಲು ಒಂದು ಕೆಲಸ ಮಾಡಿ. ಒಂದು ವಾರ ತಂದೆಯವರ ಅಂಗಡಿಯಲ್ಲಿ ಕುಳಿತು, ಅಡಿಕೆ ತರುವವರ ಕೈಯಲ್ಲಿ ಯಾವ ಫೋನ್ ಇದೆ ಎಂಬುದನ್ನು ಅದೇ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಡಿ. ನಮ್ಮ ಕಡೆಯ ಕೃಷಿಕರಲ್ಲಿ ಹತ್ತಕ್ಕೆ ಒಂಬತ್ತು ಮಂದಿಯ ಕೈಯಲ್ಲಿ ಆಂಡ್ರಾಯ್ಡ್ ಫೋನ್ ಇರುವುದನ್ನೇ ನಾನು ಕಂಡಿದ್ದೇನೆ. ನಿಮ್ಮಲ್ಲಿಯೂ ಹಾಗೆಯೇ ಇದ್ದರೆ ನಿಮ್ಮ ಅರ್ಧ ಪ್ರಶ್ನೆ ಅಲ್ಲಿಯೇ ಮುಗಿಯಿತು.

ಏಕೆಂದರೆ ಮ್ಯಾಕ್ ಬೇಕಾಗುವುದು ಐಫೋನಿನ ಆ್ಯಪಿಗೆ ಮಾತ್ರ. ಆಂಡ್ರಾಯ್ಡ್ ಸ್ಟುಡಿಯೋ ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲಿಯೂ ಉಚಿತವಾಗಿ ಸಿಗುತ್ತದೆ, ಮೂರರಲ್ಲಿ ತಯಾರಾದ ಆ್ಯಪಿಗೂ ಫೋನಿನಲ್ಲಿ ಯಾವ ವ್ಯತ್ಯಾಸವೂ ಇರುವುದಿಲ್ಲ. ಆಪಲ್‌ನ ಎಕ್ಸ್‌ಕೋಡ್ ಮಾತ್ರ ಮ್ಯಾಕ್‌ನಲ್ಲಷ್ಟೇ ನಡೆಯುತ್ತದೆ, ಮತ್ತು ಐಫೋನಿನ ಆ್ಯಪನ್ನು ಕೊನೆಯ ರೂಪಕ್ಕೆ ತರಲು ಅದು ಇಲ್ಲದೆ ಆಗುವುದಿಲ್ಲ. ನೀವು ಫ್ಲಟರ್ ಅಥವಾ ರಿಯಾಕ್ಟ್ ನೇಟಿವ್ ಎಂಬ ಸಾಧನಗಳಲ್ಲಿ ಬರೆದರೂ ಈ ನಿಯಮ ತಪ್ಪುವುದಿಲ್ಲ. ಒಂದೇ ಕೋಡಿನಿಂದ ಎರಡು ಬಗೆಯ ಫೋನಿಗೂ ಆ್ಯಪ್ ಬರುತ್ತದೆ ಎಂಬುದು ನಿಜವಾದರೂ, ಐಫೋನಿನ ಭಾಗವನ್ನು ಕಟ್ಟುವ ಹಂತದಲ್ಲಿ ಎಲ್ಲಿಯಾದರೂ ಒಂದು ಮ್ಯಾಕ್ ಇರಲೇಬೇಕು. ಅಂಗಡಿಯವರು ನಿಮಗೆ ಹೇಳಿದ್ದು ಈ ಅರ್ಧ ಸತ್ಯವನ್ನು.

ಇನ್ನು ಹಣವನ್ನು ಎಲ್ಲಿ ಹಾಕಬೇಕು ಎಂಬ ವಿಷಯ. ಕಾರ್ಯಾಚರಣ ವ್ಯವಸ್ಥೆಯ ಕುರಿತು ಜನ ಗಂಟೆಗಟ್ಟಲೆ ವಾದಿಸುತ್ತಾರೆ. ಆದರೆ ದಿನವಿಡೀ ಕೆಲಸ ಮಾಡುವವರ ಸುಖದುಃಖ ಇರುವುದು ರ್ಯಾಮಿನಲ್ಲಿ (ಕೆಲಸದ ಹೊತ್ತಿನ ತಾತ್ಕಾಲಿಕ ಸ್ಮರಣೆ) ಮತ್ತು ಎಸ್‌ಎಸ್‌ಡಿಯಲ್ಲಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್). ಆಂಡ್ರಾಯ್ಡ್ ಸ್ಟುಡಿಯೋ ತೆರೆದಾಗ ನಿಮಗೆ ಕಾಣುವುದು ಒಂದೇ ಕಿಟಕಿಯಾದರೂ, ಅದರ ಹಿಂದೆ ಸ್ಟುಡಿಯೋ ಒಂದು, ಕೋಡನ್ನು ಕಟ್ಟುವ ಗ್ರೇಡಲ್ ಇನ್ನೊಂದು, ಕೋಟ್ಲಿನ್ ಭಾಷೆಯನ್ನು ಪರಿವರ್ತಿಸುವುದು ಮತ್ತೊಂದು ಎಂದು ಹಲವು ಪ್ರಕ್ರಿಯೆಗಳು ತಮ್ಮ ತಮ್ಮ ಪಾಲಿನ ರ್ಯಾಮ್ ಹಿಡಿದು ಕುಳಿತಿರುತ್ತವೆ. ಅದರ ಮೇಲೆ ಎಮ್ಯುಲೇಟರ್ ತೆರೆದರೆ ಇಡೀ ಫೋನೊಂದು ನಿಮ್ಮ ಕಂಪ್ಯೂಟರಿನ ಒಳಗೆ ಓಡತೊಡಗುತ್ತದೆ. ರ್ಯಾಮ್ ಮುಗಿದಾಗ ವ್ಯವಸ್ಥೆಯು ಡಿಸ್ಕನ್ನೇ ರ್ಯಾಮಿನಂತೆ ಬಳಸುತ್ತದೆ, ಡಿಸ್ಕ್ ತಿರುಗುವ ಬಗೆಯದಾದರೆ ಎಲ್ಲವೂ ನಿಂತಂತೆಯೇ. ನಿಮ್ಮ ಈಗಿನ ಲ್ಯಾಪ್‌ಟಾಪಿನಲ್ಲಿ ಆಗುತ್ತಿರುವುದು ಇದೇ. ಗೂಗಲ್‌ ಹೇಳುವ ಕನಿಷ್ಠ ಅಗತ್ಯವೂ ಸ್ಟುಡಿಯೋಗೆ ಮಾತ್ರವಾದರೆ 8 ಜಿಬಿ, ಎಮ್ಯುಲೇಟರ್ ಸೇರಿದರೆ 16 ಜಿಬಿ. ಹಾಗಾಗಿ 16 ಜಿಬಿಗಿಂತ ಕಡಿಮೆಯದನ್ನು ಇಂದು ಕೊಳ್ಳಬೇಡಿ, ಮುಂದೆ ಹೆಚ್ಚಿಸಲು ಅವಕಾಶವಿರುವ ಯಂತ್ರವನ್ನೇ ಆರಿಸಿ.

ಎಮ್ಯುಲೇಟರನ್ನೇ ನೆಚ್ಚಿಕೊಳ್ಳುವ ಅಗತ್ಯವೂ ಇಲ್ಲ. ನಿಮ್ಮ ಸ್ವಂತ ಫೋನನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ, ಡೆವಲಪರ್ ಆಯ್ಕೆಗಳಲ್ಲಿ ಯುಎಸ್‌ಬಿ ಡಿಬಗ್ಗಿಂಗ್ ತೆರೆದರೆ ಆ್ಯಪ್ ನೇರವಾಗಿ ಅದರಲ್ಲಿಯೇ ಓಡುತ್ತದೆ. ಆಂಡ್ರಾಯ್ಡ್ 11 ಅಥವಾ ಅದರ ನಂತರದ ಫೋನಾದರೆ ತಂತಿಯೂ ಬೇಡ, ವೈಫೈ ಸಾಕು. ನಿಜವಾದ ಫೋನಿನಲ್ಲಿ ನೋಡುವುದರಿಂದ ನಮ್ಮ ಭಾಷೆಗೆ ಇನ್ನೊಂದು ಲಾಭವೂ ಇದೆ. ಇಂಗ್ಲಿಷಿಗೆ ಸರಿಹೊಂದುವಂತೆ ಸಾಲಿನ ಎತ್ತರವನ್ನು ಬಿಗಿಯಾಗಿ ನಿಗದಿಪಡಿಸಿದರೆ ಕನ್ನಡದ ಒತ್ತಕ್ಷರಗಳ ತಳಭಾಗ ಕತ್ತರಿಸಿಹೋಗುತ್ತದೆ. 'ಉಳ್ಳಿಗಡ್ಡೆ' ಎಂಬ ಒಂದೇ ಪದವನ್ನು ಅಗ್ಗದ, ಸಣ್ಣ ಪರದೆಯ ಫೋನಿನಲ್ಲಿ ಅಕ್ಷರದ ಗಾತ್ರ ದೊಡ್ಡದು ಮಾಡಿ ನೋಡಿ, ನಿಮ್ಮ ಗುಂಡಿಗಳ ವಿನ್ಯಾಸ ಎಲ್ಲಿ ತಪ್ಪಿದೆ ಎಂಬುದು ಅಲ್ಲಿಯೇ ಕಾಣುತ್ತದೆ. ಮಲಯಾಳದ ಪದಗಳು ಇನ್ನೂ ಉದ್ದವಾಗಬಹುದು, ಆದ್ದರಿಂದ ಮೊದಲ ದಿನದಿಂದಲೇ ಎರಡೂ ಭಾಷೆಗಳ ಪದಗಳನ್ನು ಬೇರೆ ಬೇರೆ ಕಡತಗಳಲ್ಲಿ ಇಟ್ಟುಕೊಳ್ಳಿ.

ಪ್ಲೇ ಸ್ಟೋರಿನ ಖರ್ಚು ಒಮ್ಮೆಗೆ ಮಾತ್ರ 25 ಡಾಲರ್. ಡಾಲರಿಗೆ 88 ರೂಪಾಯಿಯಂತೆ ಹಿಡಿದರೆ 2,200 ರೂಪಾಯಿ. ಆಪಲ್‌ಗಾದರೆ ವರ್ಷಕ್ಕೆ 99 ಡಾಲರ್, ಅದೇ ಲೆಕ್ಕದಲ್ಲಿ 8,700 ರೂಪಾಯಿಗೆ ಹತ್ತಿರ, ಮತ್ತು ಸದಸ್ಯತ್ವ ಮುಂದುವರಿಸದಿದ್ದರೆ ಆ್ಯಪ್ ಆಪಲ್‌ನ ಆ್ಯಪ್ ಸ್ಟೋರಿನಿಂದ ಹೊರಗೆ. ತಂದೆಯವರ ಉಪಯೋಗಕ್ಕೆ ಮಾತ್ರವಾದರೆ ಪ್ಲೇ ಸ್ಟೋರಿನ ಖರ್ಚೂ ಬೇಡ, ಆ್ಯಪನ್ನು ಸ್ಥಾಪಿಸುವ ಎಪಿಕೆ ಕಡತವನ್ನು ನೇರವಾಗಿ ಅವರ ಫೋನಿಗೆ ಹಾಕಬಹುದು.

ನನ್ನ ಸಲಹೆ ಆ 24,000 ರೂಪಾಯಿಯ ಥಿಂಕ್‌ಪ್ಯಾಡ್. ಉಳಿದ ಹಣವನ್ನು ಬ್ಯಾಂಕಿನಲ್ಲಿಯೇ ಇಡಿ. ಸ್ನಾಪ್‌ಡ್ರಾಗನ್ ಪ್ರೊಸೆಸರ್ ಇರುವ ಹೊಸ ವಿಂಡೋಸ್ ಲ್ಯಾಪ್‌ಟಾಪುಗಳನ್ನು ಯಾರಾದರೂ ತೋರಿಸಿದರೆ ಮಾತ್ರ ಒಪ್ಪಬೇಡಿ; ಬ್ಯಾಟರಿ ಬಹಳ ಹೊತ್ತು ಬರುತ್ತದೆ ನಿಜ, ಆದರೆ ಅದರಂಥ ಎಆರ್‌ಎಂ ಬಗೆಯ ಪ್ರೊಸೆಸರಿನ ವಿಂಡೋಸ್ ಯಂತ್ರಗಳಿಗೆ ಆಂಡ್ರಾಯ್ಡ್ ಸ್ಟುಡಿಯೋದ ಅಧಿಕೃತ ಬೆಂಬಲವಿಲ್ಲ.


ಶಿರಿಯಾ ಹೊಳೆ, ಪೈವಳಿಕೆ:

ಮುಳ್ಳೇರಿಯದವರು ಹೇಳಿದ್ದಕ್ಕೆ ನನ್ನ ಪೂರ್ಣ ಸಹಮತವಿದೆ. ಲಿನಕ್ಸಿನ ಕುರಿತ ಪ್ರಶ್ನೆಗೆ ಅವರು ಹೆಚ್ಚು ಉತ್ತರಿಸದೆ ಇದ್ದುದರಿಂದ, ಕನ್ನಡ ಮಾಧ್ಯಮ ಶಾಲೆಯಲ್ಲಿ ಹಲವು ವರ್ಷ ಐಟಿ ಪಾಠ ಮಾಡಿದವನಾಗಿ ನಾನು ಬರೆಯುತ್ತಿದ್ದೇನೆ.

ಬೇರೆ ಊರಿನವರು ಲಿನಕ್ಸನ್ನು ಹೊಸದಾಗಿ ಕಲಿಯಬೇಕಾಗಬಹುದು. ಕಾಸರಗೋಡಿನ ಮಕ್ಕಳಿಗೆ ಅದು ಶಾಲೆಯಿಂದಲೇ ಪರಿಚಿತ. 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆಯು ಮುಂದೆ ಕೈಟ್ ಎಂಬ ಸಂಸ್ಥೆಯಾಯಿತು, ಮತ್ತು ಕೇರಳದ ಸರಕಾರಿ ಹಾಗೂ ಅನುದಾನಿತ ಶಾಲೆಗಳ ಕಂಪ್ಯೂಟರುಗಳು ಲಿನಕ್ಸಿನ ಒಂದು ಬಗೆಯಾದ ಉಬುಂಟುವನ್ನು ಆಧರಿಸಿದ ಸ್ವತಂತ್ರ ತಂತ್ರಾಂಶದಲ್ಲಿಯೇ ನಡೆಯುತ್ತಿವೆ. ಹತ್ತನೆಯ ತರಗತಿಯ ಐಟಿ ಪರೀಕ್ಷೆಯನ್ನೂ ನಮ್ಮ ಮಕ್ಕಳು ಅದರಲ್ಲಿಯೇ ಬರೆಯುತ್ತಾರೆ. 2018ರಲ್ಲಿ ಆರಂಭವಾದ ಲಿಟಲ್ ಕೈಟ್ಸ್ ಎಂಬ ವಿದ್ಯಾರ್ಥಿಗಳ ಐಟಿ ಕೂಟಗಳಲ್ಲಿ ಆ್ಯಪ್ ಇನ್ವೆಂಟರ್ ಬಳಸಿ ಮೊಬೈಲ್ ಆ್ಯಪ್ ಮಾಡುವುದನ್ನು ಹೈಸ್ಕೂಲಿನಲ್ಲಿಯೇ ಕಲಿಸುತ್ತೇವೆ. ಅದು ಬ್ರೌಸರಿನಲ್ಲಿ ನಡೆಯುವ ಕಾರಣ ನಿಮ್ಮ ಹಳೆಯ 4 ಜಿಬಿ ಯಂತ್ರದಲ್ಲಿಯೂ ಓಡುತ್ತದೆ. ಹೊಸ ಲ್ಯಾಪ್‌ಟಾಪ್ ಬರುವವರೆಗೆ ಆ್ಯಪಿನ ಪುಟಗಳು ಹೇಗಿರಬೇಕು, ತೂಕ ಬರೆದ ಮೇಲೆ ದರ ಎಲ್ಲಿ ಕೇಳಬೇಕು ಎಂಬುದನ್ನು ಅದರಲ್ಲಿ ಮಾಡಿ ತಂದೆಯವರಿಗೆ ತೋರಿಸಿ. ಅವರು ಹೇಳುವ ತಿದ್ದುಪಡಿಗಳು ಮುಂದಿನ ಕೆಲಸವನ್ನು ಬಹಳ ಉಳಿಸುತ್ತವೆ.

ಆಂಡ್ರಾಯ್ಡ್ ಕೆಲಸ ಲಿನಕ್ಸಿನಲ್ಲಿ ಪೂರ್ಣವಾಗಿ ನಡೆಯುತ್ತದೆ. ಎಮ್ಯುಲೇಟರನ್ನು ವೇಗವಾಗಿ ಓಡಿಸಲು ಬೇಕಾದ ಕೆವಿಎಂ ಎಂಬ ಸೌಲಭ್ಯ ಲಿನಕ್ಸಿನ ಒಳಗೇ ಇರುವುದರಿಂದ ಪ್ರತ್ಯೇಕ ಚಾಲಕ ತಂತ್ರಾಂಶ ಹಾಕಬೇಕಾಗಿಲ್ಲ. ವಿಂಡೋಸಿನಲ್ಲಿ ಹಿಂದೆ ಅದೇ ಕೆಲಸಕ್ಕೆ ಇಂಟೆಲಿನ ಹ್ಯಾಕ್ಸ್‌ಎಂ ಇತ್ತು, ಅದರ ಅಭಿವೃದ್ಧಿ 2023ರಲ್ಲಿ ನಿಂತಿತು. ಈಗ ವಿಂಡೋಸ್ ಹೈಪರ್‌ವೈಸರ್ ಪ್ಲಾಟ್‌ಫಾರ್ಮ್ ಎಂಬ ಆಯ್ಕೆಯನ್ನು ತೆರೆದುಕೊಳ್ಳಬೇಕು. ಎರಡರಲ್ಲಿಯೂ, ಯಂತ್ರ ಆರಂಭವಾಗುವಾಗಿನ ಮೂಲ ತಂತ್ರಾಂಶವಾದ ಬಯೋಸಿನಲ್ಲಿ ವರ್ಚುವಲೈಸೇಶನ್ (ಒಂದು ಯಂತ್ರದೊಳಗೆ ಇನ್ನೊಂದನ್ನು ಓಡಿಸುವ ಸೌಲಭ್ಯ) ತೆರೆದಿರಬೇಕಾದುದು ಮುಖ್ಯ. ಇನ್ನೊಂದು ಸಣ್ಣ ವಿಷಯ: ವಿಂಡೋಸಿನಲ್ಲಿ ವೈರಸ್ ತಡೆಯುವ ಡಿಫೆಂಡರ್ ಪ್ರತಿಯೊಂದು ಕಡತವನ್ನೂ ತೆರೆದು ಪರೀಕ್ಷಿಸುತ್ತದೆ, ಗ್ರೇಡಲ್ ಸಾವಿರಾರು ಸಣ್ಣ ಕಡತಗಳನ್ನು ಬರೆಯುತ್ತದೆ. ಆದ್ದರಿಂದ ಅದೇ ಯಂತ್ರದಲ್ಲಿ ಲಿನಕ್ಸ್ ಬೇಗ ಕಟ್ಟಿಕೊಡುವುದನ್ನು ನಾನು ನೋಡಿದ್ದೇನೆ. ವಿಂಡೋಸನ್ನೇ ಬಳಸುವುದಾದರೆ, ಕೆಲಸದ ಕಡತಕೋಶವನ್ನು ಆ ಪರೀಕ್ಷೆಯಿಂದ ಹೊರಗಿಡುವಂತೆ ಸ್ಟುಡಿಯೋವೇ ಸೂಚಿಸುತ್ತದೆ. ಆ ಸೂಚನೆಯನ್ನು ಮುಚ್ಚಿಬಿಡಬೇಡಿ.

ಕನ್ನಡ ಬೆರಳಚ್ಚಿಗೆ ಉಬುಂಟುವಿನಲ್ಲಿ ಇನ್‌ಸ್ಕ್ರಿಪ್ಟ್ ಮತ್ತು ಕಗಪ ಎರಡೂ ಕೀಲಿಮಣೆ ವಿನ್ಯಾಸಗಳಿವೆ. ಆಜ್ಞೆಗಳನ್ನು ಬರೆಯುವ ಟರ್ಮಿನಲ್ ಕಿಟಕಿಯಲ್ಲಿ ಮಾತ್ರ ಒತ್ತಕ್ಷರಗಳು ಚದುರಿದಂತೆ ಕಾಣುತ್ತವೆ, ಅದನ್ನು ನೋಡಿ ಕೋಡಿನಲ್ಲಿ ತಪ್ಪಿದೆಯೆಂದು ಹೆದರಬೇಡಿ. ದೀರ್ಘಕಾಲ ಬೆಂಬಲವಿರುವ ಎಲ್‌ಟಿಎಸ್ ಆವೃತ್ತಿಯನ್ನೇ ಹಾಕಿಕೊಳ್ಳಿ. 2024ರ ಏಪ್ರಿಲಿನಲ್ಲಿ ಬಂದ 24.04ಕ್ಕೆ ಐದು ವರ್ಷಗಳ ಬೆಂಬಲವಿದೆ.

ಆದರೂ ವಿಂಡೋಸನ್ನು ಪೂರ್ತಿ ಅಳಿಸಿಬಿಡಿ ಎಂದು ನಾನು ಹೇಳುವುದಿಲ್ಲ. ನಿಮ್ಮ ಕಾಲೇಜಿನ ಪ್ರಾಜೆಕ್ಟಿಗೆ, ತಂದೆಯವರ ತೆರಿಗೆ ಲೆಕ್ಕ ನೋಡುವವರ ಟ್ಯಾಲಿಗೆ ಅದು ಬೇಕಾಗಬಹುದು. ಡಿಸ್ಕಿನಲ್ಲಿ 512 ಜಿಬಿ ಇದ್ದರೆ ಎರಡನ್ನೂ ಇಟ್ಟುಕೊಳ್ಳಬಹುದು. 256 ಜಿಬಿ ಮಾತ್ರವಿದ್ದರೆ ಎರಡಕ್ಕೂ ಇಕ್ಕಟ್ಟಾಗುತ್ತದೆ, ಏಕೆಂದರೆ ಸ್ಟುಡಿಯೋ, ಅದರ ಎಸ್‌ಡಿಕೆ ಎಂಬ ಸಾಧನಗಳ ಕಟ್ಟು, ಒಂದೆರಡು ಎಮ್ಯುಲೇಟರ್ ಪ್ರತಿಗಳು, ಗ್ರೇಡಲ್ ಕೂಡಿಟ್ಟುಕೊಳ್ಳುವ ಕಡತಗಳು ಇವೆಲ್ಲ ಸೇರಿ 30 ಜಿಬಿಯವರೆಗೆ ಹೋಗುವುದು ಸಾಮಾನ್ಯ. ಇಷ್ಟನ್ನು ಫೋನಿನ ದಿನದ ಡೇಟಾದಲ್ಲಿ ಇಳಿಸಿಕೊಳ್ಳಲು ನಮ್ಮ ಗುಡ್ಡದ ಬದಿಯ ಮನೆಗಳಲ್ಲಿ ಕೆಲವು ದಿನಗಳೇ ಬೇಕು. ಮನೆಯಲ್ಲಿ ಫೈಬರ್ ಸಂಪರ್ಕ ಇಲ್ಲದಿದ್ದರೆ ಕಾಲೇಜಿನ ಲ್ಯಾಬಿನಲ್ಲಿ ಅನುಮತಿ ಕೇಳಿ ಮೊದಲ ಬಾರಿಗೆ ಎಲ್ಲವನ್ನೂ ಇಳಿಸಿಕೊಳ್ಳಿ.

ಡೆಸ್ಕ್‌ಟಾಪ್ ಬಗ್ಗೆ ನೀವು ಕೇಳಿಲ್ಲವಾದರೂ ಹೇಳುತ್ತೇನೆ. ಅದೇ ಹಣಕ್ಕೆ ಹೆಚ್ಚಿನ ಶಕ್ತಿ ಡೆಸ್ಕ್‌ಟಾಪಿನಲ್ಲಿ ಸಿಗುತ್ತದೆ. ಆದರೆ ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿದ ಮೇಲೆ ನಮ್ಮಲ್ಲಿ ಕರೆಂಟು ಹೋಗುವ ಪರಿ ನಿಮಗೆ ಗೊತ್ತೇ ಇದೆ, ಸಣ್ಣ ಯುಪಿಎಸ್ ಕೆಲಸವನ್ನು ಉಳಿಸಿ ಮುಚ್ಚುವಷ್ಟು ಹೊತ್ತು ಮಾತ್ರ ಬರುತ್ತದೆ. ತುಲಾ ಮಾಸದ ಸಿಡಿಲಿಗಂತೂ ಪ್ಲಗ್ಗನ್ನೇ ಕಿತ್ತಿಡಬೇಕು. ಹಾಗಾಗಿ ನಿಮಗೆ ಲ್ಯಾಪ್‌ಟಾಪೇ ಸರಿ.


ಉಪ್ಪಳದವನು, ಶಾರ್ಜಾ:

ಇಲ್ಲಿ ಎಲ್ಲರೂ ಆಂಡ್ರಾಯ್ಡ್ ಸಾಕೆಂದು ಹೇಳುತ್ತಿರುವುದರಿಂದ ಇನ್ನೊಂದು ಬದಿಯನ್ನೂ ಇಡಬೇಕೆನಿಸಿತು. ನಮ್ಮ ಜಿಲ್ಲೆಯ ಬಹಳಷ್ಟು ಮನೆಗಳ ಒಂದು ಕಾಲು ಗಲ್ಫಿನಲ್ಲಿದೆ. ತೋಟ ಊರಿನಲ್ಲಿ, ತೋಟದ ಯಜಮಾನ ಇಲ್ಲಿ. ಈ ಯಜಮಾನರಲ್ಲಿ ಅನೇಕರ ಕೈಯಲ್ಲಿರುವುದು ಐಫೋನ್. ಊರಿನಲ್ಲಿ ತಮ್ಮನೋ ಭಾವನೋ ಅಂಗಡಿಗೆ ಅಡಿಕೆ ಕೊಟ್ಟರೆ ಅದರ ತೂಕ ಮತ್ತು ದರ ಎಷ್ಟೆಂದು ಆ ಸಂಜೆಯೇ ತಿಳಿಯಬೇಕೆಂದು ಬಯಸುವವರು, ಮತ್ತು ಅದಕ್ಕೆ ಹಣ ಕೊಡಲು ಹಿಂಜರಿಯದವರು ಇವರೇ. ನಾನೂ ಅವರಲ್ಲಿ ಒಬ್ಬ. ಅಂಗಡಿಗೆ ಬರುವವರ ಫೋನನ್ನು ಮಾತ್ರ ಎಣಿಸಿದರೆ ನಾವು ಲೆಕ್ಕದಿಂದ ಬಿಟ್ಟುಹೋಗುತ್ತೇವೆ.

ಎಂ4 ಪ್ರೊಸೆಸರಿನ ಮ್ಯಾಕ್ ಮಿನಿ ಎಂಬ ಸಣ್ಣ ಡೆಸ್ಕ್‌ಟಾಪ್ 2024ರ ಕೊನೆಯಲ್ಲಿ ಭಾರತದಲ್ಲಿ 59,900 ರೂಪಾಯಿಗೆ ಬಂತು, ವಿದ್ಯಾರ್ಥಿಗಳಿಗೆ 49,900 ರೂಪಾಯಿ. 16 ಜಿಬಿ ರ್ಯಾಮ್ ಅದರಲ್ಲಿಯೇ ಇದೆ. ಅದರಲ್ಲಿ ಎಕ್ಸ್‌ಕೋಡ್ ಓಡುತ್ತದೆ, ಆಂಡ್ರಾಯ್ಡ್ ಸ್ಟುಡಿಯೋವೂ ಓಡುತ್ತದೆ, ಎರಡೂ ಕಡೆಯ ಆ್ಯಪನ್ನು ಒಂದೇ ಮೇಜಿನ ಮೇಲೆ ನೋಡಬಹುದು. ಮುಂದೆ ಇದನ್ನೇ ಉದ್ಯೋಗ ಮಾಡುವ ಆಲೋಚನೆ ಇದ್ದರೆ ಇನ್ನೂ ಆರು ತಿಂಗಳು ಕಾದು, ಸ್ವಲ್ಪ ಹಣ ಕೂಡಿಸಿ, ಒಂದೇ ಸಲ ಇದನ್ನು ಕೊಳ್ಳುವುದು ಲೇಸೆಂದು ನನ್ನ ಅಭಿಪ್ರಾಯ.


ಮಧುವಾಹಿನಿ, ಬದಿಯಡ್ಕ:

ಅಣ್ಣಂದಿರಿಗೂ ಮಾಸ್ತರರಿಗೂ ಧನ್ಯವಾದಗಳು. ಶಾರ್ಜಾದ ಅಣ್ಣ ಹೇಳಿದ್ದನ್ನು ಓದಿ ತಂದೆಯವರನ್ನು ಕೇಳಿದೆ. ಹೊರದೇಶದಲ್ಲಿರುವ ಯಜಮಾನರ ಲೆಕ್ಕವನ್ನು ತಾವು ಈಗ ವಾಟ್ಸ್ಯಾಪಿನಲ್ಲಿ ಪುಸ್ತಕದ ಫೋಟೋ ಕಳುಹಿಸಿ ತಿಳಿಸುತ್ತಿರುವುದಾಗಿಯೂ, ಅಂಥವರು ಏಳು ಮಂದಿ ಇರುವುದಾಗಿಯೂ ಹೇಳಿದರು. ಈ ಏಳು ಮಂದಿಗಾಗಿ ಈಗಲೇ ಮ್ಯಾಕ್ ಕೊಳ್ಳಬೇಕೇ? ಆರು ತಿಂಗಳು ಕಾಯುವುದೆಂದರೆ ನನ್ನ ಕಾಲೇಜಿನ ಪ್ರಾಜೆಕ್ಟು ಮುಗಿದೇ ಹೋಗುತ್ತದೆ. ಇನ್ನೊಂದು ಸಂಗತಿ: ಸಾಮಾನ್ಯ ಲ್ಯಾಪ್‌ಟಾಪಿಗೇ ಮ್ಯಾಕ್‌ನ ವ್ಯವಸ್ಥೆಯಾದ ಮ್ಯಾಕ್‌ಓಎಸ್ ಹಾಕಿಕೊಡುತ್ತೇನೆಂದು ತರಗತಿಯ ಗೆಳತಿಯ ಅಣ್ಣ ಹೇಳಿದ್ದಾರೆ, ಹತ್ತು ವರ್ಷ ಹಳೆಯ ಮ್ಯಾಕ್‌ಬುಕ್ ಏರ್ 15,000 ರೂಪಾಯಿಗೆ ಸಿಗುತ್ತದೆಂದು ಇನ್ನೊಬ್ಬರು ಹೇಳಿದ್ದಾರೆ. ಇವುಗಳ ಬಗ್ಗೆ ಏನು ಹೇಳುತ್ತೀರಿ?


ಪಯಸ್ವಿನಿ ತೀರ, ಮುಳ್ಳೇರಿಯ:

ಎರಡೂ ಬೇಡ. ಮೊದಲನೆಯದು ಆಪಲ್‌ನ ಪರವಾನಗಿಗೇ ವಿರುದ್ಧ, ಆಪಲ್ ತಯಾರಿಸಿದ ಯಂತ್ರದಲ್ಲಿ ಮಾತ್ರ ಮ್ಯಾಕ್‌ಓಎಸ್ ಹಾಕಲು ಅವರ ಅನುಮತಿಯಿದೆ. ಹೊಟ್ಟೆಪಾಡಿನ ಕೆಲಸವನ್ನು ಅಂಥ ನೆಲದ ಮೇಲೆ ಕಟ್ಟಬಾರದು. ಪ್ರತಿ ಹೊಸ ಆವೃತ್ತಿ ಬಂದಾಗಲೂ ಯಾವುದೋ ಒಂದು ಕೆಟ್ಟು ನಿಲ್ಲುತ್ತದೆ ಎಂಬುದು ಬೇರೆ.

ಎರಡನೆಯ ತಪ್ಪನ್ನು ನಾನೇ ಮಾಡಿದ್ದೇನೆ. ಒಬ್ಬರಿಂದ ಹಳೆಯ ಮ್ಯಾಕ್‌ಬುಕ್ ಏರ್ ಕೊಂಡೆ. ನೋಡಲು ಹೊಸದರಂತಿತ್ತು, ಕೀಲಿಮಣೆ ಚೆನ್ನಾಗಿತ್ತು, ಬ್ಯಾಟರಿಯೂ ಪರವಾಗಿಲ್ಲ. ಎರಡು ವಾರ ಕುಳಿತು ಆ್ಯಪ್ ಮುಗಿಸಿ ಆ್ಯಪ್ ಸ್ಟೋರಿಗೆ ಕಳುಹಿಸಲು ಹೋದಾಗ ಅದು ಸ್ವೀಕರಿಸಲಿಲ್ಲ. ಇದರ ಸರಪಳಿಯನ್ನು ಕೊಳ್ಳುವ ಮೊದಲೇ ತಿಳಿದುಕೊಳ್ಳಬೇಕಿತ್ತು. 2015ರಿಂದ 2017ರವರೆಗಿನ ಮ್ಯಾಕ್‌ಬುಕ್ ಏರ್‌ಗಳಿಗೆ ಆಪಲ್ ಕೊಡುವ ಕೊನೆಯ ವ್ಯವಸ್ಥೆ ಮಾಂಟೆರೇ. ಎಕ್ಸ್‌ಕೋಡ್ 15ಕ್ಕೆ ಅದರ ಮುಂದಿನ ವೆಂಚುರಾ ಬೇಕು. 2024ರ ಏಪ್ರಿಲಿನಿಂದ ಎಕ್ಸ್‌ಕೋಡ್ 15ರಲ್ಲಿ ಕಟ್ಟದ ಆ್ಯಪನ್ನು ಆಪಲ್ ತೆಗೆದುಕೊಳ್ಳುವುದಿಲ್ಲ; 2025ರ ಏಪ್ರಿಲಿನಿಂದ ಎಕ್ಸ್‌ಕೋಡ್ 16 ಎಂದಾಯಿತು, ಅದಕ್ಕೆ ಸೊನೋಮಾ ಬೇಕು. ಯಂತ್ರ ಗಟ್ಟಿಮುಟ್ಟಾಗಿದ್ದರೂ ವ್ಯವಸ್ಥೆ ಹಳತಾದರೆ ಎಕ್ಸ್‌ಕೋಡ್ ಹಳತು, ಎಕ್ಸ್‌ಕೋಡ್ ಹಳತಾದರೆ ಬಾಗಿಲು ಮುಚ್ಚಿದಂತೆ. ಇಂಟೆಲ್ ಪ್ರೊಸೆಸರಿನ ಮ್ಯಾಕ್‌ಗಳಿಗೆ ಬೆಂಬಲ ಕೊಡುವ ಕೊನೆಯ ವ್ಯವಸ್ಥೆ ಟಾಹೋ ಎಂದು ಆಪಲ್ 2025ರಲ್ಲಿಯೇ ಪ್ರಕಟಿಸಿದೆ. ಆದ್ದರಿಂದ ಹಳೆಯ ಮ್ಯಾಕ್ ಕೊಳ್ಳುವ ಕಾಲ ಬಂದರೂ 2020ರಲ್ಲಿ ಬಂದ, ಆಪಲ್‌ನ ಸ್ವಂತ ಎಂ1 ಪ್ರೊಸೆಸರಿನದಕ್ಕಿಂತ ಹಿಂದಿನದನ್ನು ಮುಟ್ಟಬೇಡಿ.

ಉಪ್ಪಳದವರ ಮಾತಿನಲ್ಲಿ ತೂಕವಿದೆ, ಗಲ್ಫಿನ ಯಜಮಾನರನ್ನು ನಾನು ಎಣಿಸಿರಲಿಲ್ಲ. ಆದರೆ ಮ್ಯಾಕ್ ಮಿನಿಯ ಬೆಲೆಯಲ್ಲಿ ಪರದೆ, ಕೀಲಿಮಣೆ, ಮೌಸ್ ಸೇರಿಲ್ಲ. ಅವುಗಳ ಜೊತೆಗೆ ಮಾಸ್ತರರು ಹೇಳಿದ ಯುಪಿಎಸ್, ಆಪಲ್‌ನ ವಾರ್ಷಿಕ ಶುಲ್ಕ, ಪರೀಕ್ಷಿಸಲು ಒಂದು ಐಫೋನ್ ಎಲ್ಲವನ್ನೂ ಕೂಡಿಸಿದರೆ ವಿದ್ಯಾರ್ಥಿ ದರದಲ್ಲಿಯೂ ನಿಮ್ಮ 45,000ದ ಹತ್ತಿರ ಎಲ್ಲಿಯೂ ನಿಲ್ಲುವುದಿಲ್ಲ. ರ್ಯಾಮನ್ನು ಮುಂದೆ ಹೆಚ್ಚಿಸುವಂತೆಯೂ ಇಲ್ಲ.

ಆ ಏಳು ಮಂದಿಗೆ ಬೇಕಾಗಿರುವುದು ಏನೆಂದು ನೋಡಿ. ಅವರು ಲೆಕ್ಕ ಬರೆಯುವವರಲ್ಲ, ನೋಡುವವರು. ನೋಡುವುದಕ್ಕೆ ಒಂದು ವೆಬ್ ಪುಟ ಸಾಕು. ಆಂಡ್ರಾಯ್ಡ್ ಆ್ಯಪಿನಲ್ಲಿ ತಂದೆಯವರು ಬರೆದದ್ದು ಸರ್ವರಿಗೆ ಹೋಗುತ್ತದೆ, ಯಜಮಾನರು ತಮ್ಮ ಗುಪ್ತಪದ ಕೊಟ್ಟು ಸಫಾರಿಯಲ್ಲಿ ಅದನ್ನು ತೆರೆಯುತ್ತಾರೆ. ಅದನ್ನು ಐಫೋನಿನ ಮುಖಪುಟಕ್ಕೆ ಸೇರಿಸಿಕೊಂಡರೆ ಆ್ಯಪಿನಂತೆಯೇ ಕಾಣುತ್ತದೆ, ಐಓಎಸ್ 16.4ರಿಂದ ಈಚೆಗೆ ಹಾಗೆ ಸೇರಿಸಿದ ಪುಟಗಳು ಸೂಚನೆಗಳನ್ನೂ ಕಳುಹಿಸಬಲ್ಲವು. ಇದಕ್ಕೆ ಮ್ಯಾಕ್ ಬೇಡ, 99 ಡಾಲರೂ ಬೇಡ.

ಮುಂದೆ ನಿಜವಾದ ಐಫೋನ್ ಆ್ಯಪೇ ಬೇಕೆಂದು ಹಣ ಕೊಡುವವರು ಬಂದರೆ, ಫ್ಲಟರಿನಲ್ಲಿ ಬರೆದ ಕೋಡನ್ನು ಬಾಡಿಗೆಯ ಮ್ಯಾಕ್‌ನಲ್ಲಿ ಕಟ್ಟಿಸಬಹುದು. ಅಂಥ ಸೇವೆ ಕೊಡುವ ಕೋಡ್‌ಮ್ಯಾಜಿಕ್‌ನಲ್ಲಿ ವೈಯಕ್ತಿಕ ಖಾತೆಗೆ ತಿಂಗಳಿಗೆ 500 ನಿಮಿಷ ಉಚಿತವಾಗಿ ಸಿಗುತ್ತದೆ, ಸಣ್ಣ ಆ್ಯಪಿಗೆ ಅದು ಧಾರಾಳ. ಕಟ್ಟುವುದಕ್ಕೆ ಮಾತ್ರ ಈ ಉಪಾಯ ಸರಿ ಎಂಬುದನ್ನೂ ಹೇಳಬೇಕು. ಐಫೋನಿನಲ್ಲಿ ಮಾತ್ರ ಕಾಣಿಸಿಕೊಳ್ಳುವ ದೋಷವೊಂದು ಬಂದರೆ, ಎದುರಿಗೆ ಮ್ಯಾಕ್ ಇಲ್ಲದೆ ಅದನ್ನು ಹುಡುಕುವುದು ಕಣ್ಣು ಕಟ್ಟಿಕೊಂಡು ಸೂಜಿ ಪೋಣಿಸಿದ ಹಾಗೆ. ಆ ದಿನ ಬಂದಾಗ ಮ್ಯಾಕ್ ಮಿನಿ ಕೊಳ್ಳಿ, ಅದರ ಹಣವನ್ನು ಆ ಗಿರಾಕಿಯ ಕೆಲಸದಿಂದಲೇ ಎತ್ತಿ.

ಪ್ಲೇ ಸ್ಟೋರಿನ ಬಗ್ಗೆ ಹಿಂದೆ ಒಂದು ವಿಷಯ ಬಿಟ್ಟಿದ್ದೆ. 2023ರ ನವೆಂಬರಿನ ನಂತರ ತೆರೆದ ವೈಯಕ್ತಿಕ ಖಾತೆಯಾದರೆ, ಆ್ಯಪನ್ನು ಎಲ್ಲರಿಗೂ ಬಿಡುವ ಮೊದಲು ಕನಿಷ್ಠ 12 ಮಂದಿ ಸತತ 14 ದಿನ ಅದನ್ನು ಪರೀಕ್ಷಕರಾಗಿ ಇಟ್ಟುಕೊಂಡಿರಬೇಕು. ಮೊದಲು ಇದು 20 ಮಂದಿ ಇತ್ತು. ಕಾಲೇಜಿನ ಪ್ರಾಜೆಕ್ಟಿನ ದಿನಾಂಕವನ್ನು ಲೆಕ್ಕ ಹಾಕುವಾಗ ಈ ಎರಡು ವಾರಗಳನ್ನು ಮರೆಯಬೇಡಿ.


ಉಪ್ಪಳದವನು, ಶಾರ್ಜಾ:

ನೋಡುವವರಿಗೆ ಪುಟ, ಬರೆಯುವವರಿಗೆ ಆ್ಯಪ್ ಎಂಬ ವಿಂಗಡಣೆ ನನಗೆ ಹೊಳೆದಿರಲಿಲ್ಲ. ಹಾಗಾದರೆ ಮ್ಯಾಕ್ ಬಗ್ಗೆ ನಾನು ಹೇಳಿದ್ದನ್ನು ಸದ್ಯಕ್ಕೆ ಬಿಡಿ. ಪುಟ ಸಿದ್ಧವಾದಾಗ ಐಫೋನಿನಲ್ಲಿ ಪರೀಕ್ಷಿಸಿ ಹೇಳಲು ನಾನು ಮತ್ತು ನನ್ನ ಕೋಣೆಯ ಇಬ್ಬರು ಸಿದ್ಧರಿದ್ದೇವೆ.


ಕುಂಬಳೆ ರಿಪೇರಿ:

ನಾನು ಹದಿನೈದು ವರ್ಷಗಳಿಂದ ಲ್ಯಾಪ್‌ಟಾಪ್ ರಿಪೇರಿ ಮಾಡುತ್ತಿರುವವನು. ಕೋಡಿನ ವಿಷಯ ನನಗೆ ತಿಳಿಯದು, ಯಂತ್ರದ ವಿಷಯ ಹೇಳುತ್ತೇನೆ. ಟಿ480 ಒಳ್ಳೆಯ ಆಯ್ಕೆ. ಆದರೆ ಹೆಸರು ನೋಡಿ ಹಣ ಕೊಡಬೇಡಿ, ಒಳಗೆ ನೋಡಿ ಕೊಡಿ. ಅದೇ ಟಿ480 ಎಂಟನೆಯ ತಲೆಮಾರಿನ ಪ್ರೊಸೆಸರಿನಲ್ಲಿಯೂ ಏಳನೆಯದರಲ್ಲಿಯೂ ಬಂದಿದೆ. ಎಂಟನೆಯದರ ಐ5ಗೆ ನಾಲ್ಕು ಕೋರ್‌ಗಳು, ಏಳನೆಯದಕ್ಕೆ ಎರಡೇ. ವಿಂಡೋಸ್ 11 ಅಧಿಕೃತವಾಗಿ ಒಪ್ಪಿಕೊಳ್ಳುವುದೂ ಎಂಟರಿಂದ ಮೇಲಿನದನ್ನು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ ಹಳೆಯ ಯಂತ್ರಗಳನ್ನು ಮಾರಿ ಕೈತೊಳೆದುಕೊಳ್ಳಲು ಅವಸರಪಡುವವರು ಹೆಚ್ಚಾಗಿದ್ದಾರೆ.

ಟಿ480ಎಸ್ ಎಂದು ಕೊನೆಯಲ್ಲಿ ಒಂದಕ್ಷರ ಸೇರಿದ್ದರೆ ಅದು ಬೇರೆ ಯಂತ್ರ. ಅದರಲ್ಲಿ ಒಂದು ರ್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ. ಎಸ್ ಇಲ್ಲದ್ದರಲ್ಲಿ ಎರಡು ಸ್ಲಾಟ್‌ಗಳಿರುವುದರಿಂದ ಮುಂದೆ 32 ಜಿಬಿಯವರೆಗೆ ಹಾಕಬಹುದು. ಇದರಲ್ಲಿ ಬ್ಯಾಟರಿಯೂ ಎರಡು, ಒಳಗೆ ಒಂದು, ಹೊರಗೆ ಕಳಚುವಂಥದ್ದು ಒಂದು. ಎರಡರ ಬಾಳಿಕೆಯನ್ನೂ ಪ್ರತ್ಯೇಕವಾಗಿ ನೋಡಬೇಕು. ವಿಂಡೋಸಿನ ಬ್ಯಾಟರಿ ವರದಿಯಲ್ಲಿ ಮೂಲ ಸಾಮರ್ಥ್ಯ ಮತ್ತು ಈಗಿನ ಪೂರ್ಣ ಚಾರ್ಜಿನ ಸಾಮರ್ಥ್ಯ ಅಕ್ಕಪಕ್ಕದಲ್ಲಿ ಸಿಗುತ್ತವೆ; ಅರ್ಧಕ್ಕಿಂತ ಕೆಳಗೆ ಇಳಿದಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ದರದಲ್ಲಿ ಕಡಿಮೆ ಮಾಡಿಸಿ.

ಎಲ್ಲಕ್ಕಿಂತ ಮುಖ್ಯವಾದುದು ಇದು. ಕಂಪೆನಿಯಿಂದ ಬಂದ ಯಂತ್ರಗಳ ಬಯೋಸಿಗೆ ಕೆಲವೊಮ್ಮೆ ಆ ಕಂಪೆನಿ ಹಾಕಿದ ಗುಪ್ತಪದ ಹಾಗೆಯೇ ಉಳಿದಿರುತ್ತದೆ. ಯಂತ್ರ ಎಂದಿನಂತೆ ತೆರೆದುಕೊಳ್ಳುವುದರಿಂದ ಕೊಳ್ಳುವವರಿಗೆ ಅದು ತಿಳಿಯುವುದಿಲ್ಲ. ಮಾಸ್ತರರು ಹೇಳಿದ ವರ್ಚುವಲೈಸೇಶನ್ ಆಯ್ಕೆ ಇರುವುದು ಆ ಬಯೋಸಿನ ಒಳಗೆ. ಗುಪ್ತಪದವಿದ್ದರೆ ಅದನ್ನು ಬದಲಿಸಲು ಆಗುವುದಿಲ್ಲ, ಆ ಆಯ್ಕೆ ಮುಚ್ಚಿದ್ದರೆ ಎಮ್ಯುಲೇಟರ್ ಓಡುವುದಿಲ್ಲ, ಆ ಗುಪ್ತಪದವನ್ನು ತೆಗೆಯುವುದು ಸುಲಭದ ಕೆಲಸವೂ ಅಲ್ಲ. ಅಂಗಡಿಯಲ್ಲಿ ನಿಂತೇ ಯಂತ್ರವನ್ನು ಮತ್ತೆ ಆರಂಭಿಸಿ, ಎಫ್1 ಒತ್ತಿ ಒಳಗೆ ಹೋಗಿ, ಸೆಕ್ಯುರಿಟಿ ವಿಭಾಗದಲ್ಲಿ ವರ್ಚುವಲೈಸೇಶನ್ ತೆರೆದು, ಉಳಿಸಿ ಹೊರಗೆ ಬನ್ನಿ. ಅದು ಗುಪ್ತಪದ ಕೇಳಿದರೆ ಆ ಯಂತ್ರವನ್ನು ಅಲ್ಲಿಯೇ ಬಿಟ್ಟು ಬನ್ನಿ.

ನಿಮ್ಮ ಹಳೆಯ ಲ್ಯಾಪ್‌ಟಾಪನ್ನು ಎಸೆಯಬೇಡಿ. ಅದಕ್ಕೆ ಸಣ್ಣ ಎಸ್‌ಎಸ್‌ಡಿ ಹಾಕಿ ಹಗುರವಾದ ಲಿನಕ್ಸ್ ಹಾಕಿದರೆ ತಂದೆಯವರ ಅಂಗಡಿಯಲ್ಲಿ ಲೆಕ್ಕ ನೋಡಲು ಇನ್ನೂ ಕೆಲವು ವರ್ಷ ಬರುತ್ತದೆ. ಮಳೆಗಾಲದಲ್ಲಿ ಯಾವ ಲ್ಯಾಪ್‌ಟಾಪನ್ನೂ ವಾರಗಟ್ಟಲೆ ಚೀಲದಲ್ಲಿ ಮುಚ್ಚಿಡಬೇಡಿ. ದಿನಕ್ಕೆ ಸ್ವಲ್ಪ ಹೊತ್ತಾದರೂ ಓಡಿಸಿದರೆ ಅದರ ಬಿಸಿಗೆ ಒಳಗಿನ ತೇವ ಆರುತ್ತದೆ.


ಮಧುವಾಹಿನಿ, ಬದಿಯಡ್ಕ:

ಮೊನ್ನೆ ಶನಿವಾರ ತಂದೆಯವರೊಂದಿಗೆ ಮಂಗಳೂರಿಗೆ ಹೋಗಿಬಂದೆ. ಮೊದಲು ತೋರಿಸಿದ ಟಿ480 ಬಯೋಸಿನಲ್ಲಿ ಗುಪ್ತಪದ ಕೇಳಿತು. ಅಂಗಡಿಯವರಿಗೂ ಅದು ತಿಳಿದಿರಲಿಲ್ಲ. ಎರಡನೆಯದು ಏಳನೆಯ ತಲೆಮಾರಿನದು. ಮೂರನೆಯದರಲ್ಲಿ ಎಲ್ಲವೂ ಸರಿಯಿತ್ತು, ಹೊರಗಿನ ಬ್ಯಾಟರಿ ಮಾತ್ರ ಸೋತಿತ್ತು. ಅದರ ಬದಲು ಹೊಸದನ್ನು ಹಾಕಿಸಿ, 16 ಜಿಬಿ ರ್ಯಾಮ್ ಮತ್ತು 512 ಜಿಬಿ ಎಸ್‌ಎಸ್‌ಡಿಯೊಂದಿಗೆ 27,500 ರೂಪಾಯಿಗೆ ಕೊಟ್ಟರು, ಆರು ತಿಂಗಳ ಖಾತರಿ ಬರೆದುಕೊಟ್ಟಿದ್ದಾರೆ. ವಿಂಡೋಸನ್ನು ಉಳಿಸಿಕೊಂಡು ಪಕ್ಕದಲ್ಲಿ ಉಬುಂಟು 24.04 ಹಾಕಿದ್ದೇನೆ. ಎಮ್ಯುಲೇಟರ್ ಮೊದಲ ಬಾರಿಗೆ ಪೂರ್ತಿ ತೆರೆಯಿತು.

ಮಾಸ್ತರರು ಹೇಳಿದಂತೆ ಆ್ಯಪ್ ಇನ್ವೆಂಟರಿನಲ್ಲಿ ಮಾಡಿದ ಪುಟಗಳನ್ನು ತಂದೆಯವರಿಗೆ ತೋರಿಸಿದೆ. ದರವನ್ನು ಮೊದಲು ಕೇಳಬಾರದು, ಅಡಿಕೆ ವಿಂಗಡಿಸಿ ತೂಗಿದ ಮೇಲೆಯೇ ದರ ಮಾತಾಡುವುದು ಪದ್ಧತಿ ಎಂದು ತಿದ್ದಿದರು. ಪಟೋರ, ಉಳ್ಳಿಗಡ್ಡೆ, ಕರಿಗೋಟು ಮೂರಕ್ಕೂ ಬೇರೆ ಬೇರೆ ಬಣ್ಣದ ಗುಂಡಿ ಇದ್ದರೆ ಕನ್ನಡಕವಿಲ್ಲದೆಯೂ ಒತ್ತಬಹುದು ಎಂದರು. ಫ್ಲಟರಿನಲ್ಲಿ ಆ ಪುಟವನ್ನು ಈಗ ಬರೆಯುತ್ತಿದ್ದೇನೆ. ಹನ್ನೆರಡು ಪರೀಕ್ಷಕರಲ್ಲಿ ಒಂಬತ್ತು ಮಂದಿ ಸಿಕ್ಕಿದ್ದಾರೆ. ಆಂಡ್ರಾಯ್ಡ್ ಫೋನ್ ಇರುವ ಇನ್ನು ಮೂವರು ಎರಡು ವಾರ ಆ್ಯಪನ್ನು ಇಟ್ಟುಕೊಳ್ಳಲು ಒಪ್ಪುವುದಾದರೆ ಇಲ್ಲಿಯೇ ತಿಳಿಸಿದರೆ ಉಪಕಾರವಾಗುತ್ತದೆ.


ಶಿರಿಯಾ ಹೊಳೆ, ಪೈವಳಿಕೆ:

ನನ್ನನ್ನೂ ಮನೆಯಾಕೆಯನ್ನೂ ಸೇರಿಸಿಕೊಳ್ಳಿ. ಅವಳ ಫೋನ್ ಆರು ವರ್ಷ ಹಳೆಯದು, ಪರದೆ ಸಣ್ಣದು. ಒತ್ತಕ್ಷರಗಳ ಪರೀಕ್ಷೆಗೆ ಅದೇ ತಕ್ಕುದು.


ಕುಂಬಳೆ ರಿಪೇರಿ:

ಮೂರನೆಯವನಾಗಿ ನಾನಿದ್ದೇನೆ.